ವಿಲಿಯಂ ಯೂವರ್ಟ್ ಫೇರ್‌ಬೇರ್ನ್

ವಿಲಿಯಂ ಯೂವರ್ಟ್ ಫೇರ್‌ಬೇರ್ನ್ (೨೮ ಫೆಬ್ರವರಿ ೧೮೮೫ – ೨೦ ಜೂನ್ ೧೯೬೦) ಬ್ರಿಟಿಷ್ ಪೊಲೀಸ್ ಅಧಿಕಾರಿ, ಸೈನಿಕ ಹಾಗೂ ಕೈಗೆ ಕೈ ಕಾಳಗದ ಶಿಕ್ಷಕ. ಎರಿಕ್ ಆಂಥೊನಿ ಸೈಕ್ಸ್‌ನೊಡನೆ ಸೇರಿ ಈತ ರೂಪಿಸಿದ ಫೇರ್‌ಬೇರ್ನ್-ಸೈಕ್ಸ್ ಕಠಾರಿಯು ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಕಮಾಂಡೊ ಪಡೆಗಳ ಗುರುತಾಗಿ ಪ್ರಸಿದ್ಧಿ ಪಡೆಯಿತು. ಆಧುನಿಕ ಕಾಳಗದ ಆಯುಧಗಳ ವಿನ್ಯಾಸದ ಇತಿಹಾಸದಲ್ಲಿ ಈತನದು ವಿಶಿಷ್ಟ ಹೆಸರು. ಏಕೆಂದರೆ ಈತ ಕಾರ್ಖಾನೆಯ ಎಂಜಿನಿಯರನಲ್ಲ, ಬೀದಿಯಲ್ಲಿ ಗಾಯಗೊಂಡು ಕಲಿತವನು.

ಆರಂಭಿಕ ಜೀವನ

ಇಂಗ್ಲೆಂಡಿನ ಹರ್ಟ್‌ಫರ್ಡ್‌ಷೈರ್ ಪ್ರಾಂತದ ರಿಕ್‌ಮನ್ಸ್‌ವರ್ತ್ ಎಂಬ ಊರಿನಲ್ಲಿ ಜನಿಸಿದ. ೧೯೦೧ರಲ್ಲಿ, ಇನ್ನೂ ಹದಿಹರೆಯದವನಾಗಿದ್ದಾಗಲೇ, ರಾಯಲ್ ಮರೀನ್ ಲಘು ಪದಾತಿದಳವನ್ನು ಸೇರಿದ. ಈ ಸೇವೆಯ ಭಾಗವಾಗಿ ಕೊರಿಯಾದಲ್ಲಿ ಕೆಲಕಾಲ ಇದ್ದು ಪೂರ್ವ ಏಷ್ಯಾದ ಪರಿಚಯ ಮಾಡಿಕೊಂಡ. ೧೯೦೭ರಲ್ಲಿ ಸೈನ್ಯ ಬಿಟ್ಟು ಚೀನಾದ ಶಾಂಘೈ ನಗರಸಭೆಯ ಪೊಲೀಸ್ ಪಡೆಗೆ ಸೇರಿದ.

ಶಾಂಘೈನಲ್ಲಿ

ಆ ಕಾಲದ ಶಾಂಘೈ ನಗರದ ಒಂದು ದೊಡ್ಡ ಭಾಗ ವಿದೇಶೀಯರ ಆಡಳಿತಕ್ಕೆ ಒಳಪಟ್ಟಿತ್ತು. ಅಫೀಮು ವ್ಯಾಪಾರ, ಅಪಹರಣ, ಸಶಸ್ತ್ರ ದರೋಡೆಗಳು ಅಲ್ಲಿ ದಿನನಿತ್ಯದ ಸಂಗತಿಗಳಾಗಿದ್ದವು. ಸೇವೆಯ ಆರಂಭದ ವರ್ಷಗಳಲ್ಲಿ ಒಂದು ರಾತ್ರಿ ಗಸ್ತಿನಲ್ಲಿದ್ದ ಫೇರ್‌ಬೇರ್ನ್ ಗುಂಪೊಂದರ ದಾಳಿಗೆ ಸಿಕ್ಕು ಸಾಯುವ ಸ್ಥಿತಿ ತಲುಪಿದನೆಂದೂ, ಆಸ್ಪತ್ರೆಯಲ್ಲಿ ಚೇತರಿಸಿಕೊಳ್ಳುವಾಗ ಒಕಾಡಾ ಎಂಬ ಜಪಾನೀ ಗುರುವಿನ ವಿಷಯ ತಿಳಿದು ಅವನಲ್ಲಿ ಜುಜುತ್ಸು ಕಲಿಯತೊಡಗಿದನೆಂದೂ ಈತನ ಜೀವನವನ್ನು ಬರೆದವರು ಹೇಳುತ್ತಾರೆ. ಮುಂದೆ ಟೋಕಿಯೊದ ಕೊಡೊಕಾನ್ ಸಂಸ್ಥೆಯಿಂದ ಜೂಡೊ ವಿದ್ಯೆಯಲ್ಲಿ ಕಪ್ಪು ಪಟ್ಟಿ ಪಡೆದ. ಚೀನೀ ಮಲ್ಲವಿದ್ಯೆಗಳನ್ನೂ ಅಭ್ಯಾಸ ಮಾಡಿದ. ಈ ಎಲ್ಲದರಿಂದ ಆಯ್ದು ತೆಗೆದ ಸರಳ ಪಟ್ಟುಗಳನ್ನು ಒಟ್ಟುಗೂಡಿಸಿ ಅದಕ್ಕೆ 'ಡಿಫೆಂಡು' ಎಂದು ಹೆಸರಿಟ್ಟ. ಇದೇ ಹೆಸರಿನ ಪುಸ್ತಕ ೧೯೨೦ರ ದಶಕದ ನಡುವೆ ಪ್ರಕಟವಾಗಿ, ೧೯೩೧ರಲ್ಲಿ ಬೇರೊಂದು ಶೀರ್ಷಿಕೆಯಿಂದ ಮರಳಿ ಬಂದಿತು. ಸೌಂದರ್ಯಕ್ಕಾಗಲಿ ಕ್ರೀಡಾನಿಯಮಗಳಿಗಾಗಲಿ ಈ ಪದ್ಧತಿಯಲ್ಲಿ ಸ್ಥಾನವಿರಲಿಲ್ಲ; ಸಾಮಾನ್ಯ ಪೇದೆ ಅಲ್ಪಕಾಲದಲ್ಲಿ ಕಲಿತು, ಭಯದ ನಡುವೆಯೂ ನೆನಪಿಟ್ಟುಕೊಳ್ಳಬಲ್ಲಷ್ಟನ್ನೇ ಅದು ಕಲಿಸುತ್ತಿತ್ತು.

ಕನ್ನಡದ ಓದುಗರು ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಶಾಂಘೈ ಪೊಲೀಸ್ ಪಡೆಯಲ್ಲಿ ೧೮೮೦ರ ದಶಕದಿಂದಲೂ ಪಂಜಾಬಿನ ಸಿಖ್ಖರ ಪ್ರತ್ಯೇಕ ವಿಭಾಗವಿತ್ತು. ೧೯೨೫ರ ಮೇ ೩೦ರಂದು ನಾನ್‌ಜಿಂಗ್ ರಸ್ತೆಯ ಲೌಜಾ ಠಾಣೆಯ ಮುಂದೆ ನೆರೆದ ಪ್ರತಿಭಟನಕಾರರ ಮೇಲೆ ಬ್ರಿಟಿಷ್ ಅಧಿಕಾರಿಯೊಬ್ಬನ ಆಜ್ಞೆಯಂತೆ ಗುಂಡು ಹಾರಿಸಿದ ಪೇದೆಗಳಲ್ಲಿ ಚೀನೀಯರೊಡನೆ ಸಿಖ್ಖರೂ ಇದ್ದರು. ಕನಿಷ್ಠ ಒಂಬತ್ತು ಮಂದಿ ಸತ್ತರು. ಚೀನಾದಾದ್ಯಂತ ವಿದೇಶೀ ಆಡಳಿತದ ವಿರುದ್ಧ ಮುಷ್ಕರ, ಬಹಿಷ್ಕಾರಗಳು ಹಬ್ಬಿದವು. ಒಂದು ಪರಾಧೀನ ದೇಶದ ಜನರಿಂದ ಇನ್ನೊಂದು ದೇಶದ ಜನರನ್ನು ಹತ್ತಿಕ್ಕಿಸುವ ಸಾಮ್ರಾಜ್ಯದ ಕ್ರಮಕ್ಕೆ ಇದೊಂದು ಕಹಿ ನಿದರ್ಶನ. ಫೇರ್‌ಬೇರ್ನ್ ಆ ದಿನ ಗುಂಡಿನ ಆಜ್ಞೆ ಕೊಟ್ಟವನಲ್ಲ. ಆದರೆ ಈ ಘಟನೆಯ ನಂತರ ಗಲಭೆ ನಿಯಂತ್ರಣಕ್ಕೆಂದು ರೂಪುಗೊಂಡ ವಿಶೇಷ ಮೀಸಲು ದಳದ ಹೊಣೆ ಈತನಿಗೆ ಬಂದಿತು. ಗುಂಡು ತಡೆಯುವ ಗುರಾಣಿಗಳು, ಥಟ್ಟನೆ ಎದುರಾಗುವ ಗುರಿಗಳಿದ್ದ ಕತ್ತಲೆಯ ಅಭ್ಯಾಸಮನೆ ಮೊದಲಾದವುಗಳನ್ನು ಈತ ಬಳಕೆಗೆ ತಂದ. ಅದೇ ವೇಳೆಗೆ, ಜನರ ಸಿಟ್ಟಿನ ಮೂಲವಾಗಿದ್ದ ವಿದೇಶೀ ಆಡಳಿತವನ್ನೇ ಈ ದಳ ಕಾಯುತ್ತಿತ್ತೆಂಬುದನ್ನೂ ಮರೆಯುವಂತಿಲ್ಲ.

ಕಠಾರಿಯ ವಿನ್ಯಾಸ

೧೯೪೦ರಲ್ಲಿ ಸ್ವದೇಶಕ್ಕೆ ಮರಳಿದಾಗ ಈತನಿಗೆ ೫೫ ವರ್ಷ. ಶಾಂಘೈನಲ್ಲಿ ಬಂದೂಕು ಕಂಪನಿಗಳ ಪ್ರತಿನಿಧಿಯಾಗಿದ್ದು ಪೊಲೀಸ್ ಪಡೆಯಲ್ಲಿಯೂ ಸ್ವಯಂಸೇವಕನಾಗಿ ದುಡಿದಿದ್ದ ಸೈಕ್ಸ್ ಕೂಡ ಹಿಂದಿರುಗಿದ್ದ. ಇಬ್ಬರಿಗೂ ಸೈನ್ಯದಲ್ಲಿ ಕ್ಯಾಪ್ಟನ್ ಪದವಿ ಕೊಟ್ಟು, ಸ್ಕಾಟ್ಲೆಂಡಿನ ಗುಡ್ಡಗಾಡಿನ ಲೊಕೈಲರ್ಟ್ ತರಬೇತಿ ಕೇಂದ್ರಕ್ಕೆ ಕಳುಹಿಸಲಾಯಿತು. ಕನ್ನಡಕ ಧರಿಸಿದ ಈ ಮಧ್ಯವಯಸ್ಕರನ್ನು ಕಂಡ ತರುಣ ಸೈನಿಕರಿಗೆ ಮೊದಲು ಅಚ್ಚರಿಯಾದುದು ಸಹಜವೇ.

ಕಮಾಂಡೊಗಳಿಗೆ ಆಗ ತಕ್ಕ ಚೂರಿಯಿರಲಿಲ್ಲ. ಬಂದೂಕಿನ ತುದಿಗೆ ಸಿಕ್ಕಿಸುವ ಸನೀನು ಕೈಯಲ್ಲಿ ಹಿಡಿದು ಬಳಸಲು ಉದ್ದವಾಗುತ್ತಿತ್ತು. ಬೇಟೆಯ ಚೂರಿಗಳ ಭಾರವೆಲ್ಲ ಅಲಗಿನಲ್ಲಿರುತ್ತಿತ್ತು. ಶಾಂಘೈನಲ್ಲಿದ್ದಾಗಲೇ ಹಳೆಯ ಸನೀನುಗಳನ್ನು ಅರೆದು ಕಠಾರಿಗಳನ್ನು ಮಾಡಿಸಿದ ಅನುಭವ ಇವರಿಗಿತ್ತು. ೧೯೪೦ರ ನವೆಂಬರ್‌ನಲ್ಲಿ ಲಂಡನ್ನಿನ ವಿಲ್ಕಿನ್‌ಸನ್ ಸ್ವೋರ್ಡ್ ಕಂಪನಿಯವರೊಡನೆ ಕುಳಿತು ಹೊಸ ಆಯುಧದ ರೂಪವನ್ನು ನಿರ್ಧರಿಸಿದರು. ೧೯೪೧ರ ಆರಂಭದಲ್ಲಿ ತಯಾರಿಕೆ ನಡೆಯತೊಡಗಿತು.

ಸುಮಾರು ೭ ಇಂಚು ಉದ್ದದ, ಎರಡೂ ಕಡೆ ಹರಿತವಾದ, ಮೊನೆಯತ್ತ ಕ್ರಮವಾಗಿ ಕಿರಿದಾಗುವ ಉಕ್ಕಿನ ಅಲಗು. ಅದಕ್ಕೆ ಹಿತ್ತಾಳೆಯ ಹಿಡಿ. ಹಿತ್ತಾಳೆಯನ್ನು ಆಯ್ದುದಕ್ಕೆ ಕಾರಣವಿದೆ. ಅದು ಭಾರವಾದ ಲೋಹ; ತೂಕ ಅಂಗೈಯ ಕಡೆ ನಿಂತಾಗ ಆಯುಧ ಕೈಯಿಂದ ಜಾರದೆ ಬೆರಳುಗಳ ಮಾತು ಕೇಳುತ್ತದೆ. ದಪ್ಪನೆಯ ಚಳಿಗಾಲದ ಸಮವಸ್ತ್ರವನ್ನು ಭೇದಿಸುವುದು ಅಗತ್ಯವೆಂದು ಅಲಗನ್ನು ತೆಳುವಾಗಿಸಿದರು. ಮೊದಲ ಮಾದರಿಯಲ್ಲಿ ಕೈಕಾಪು ಎರಡು ತುದಿಗಳಲ್ಲಿ ವಿರುದ್ಧ ದಿಕ್ಕಿಗೆ ಬಾಗಿತ್ತು. ಬೇಡಿಕೆ ಏರಿದಂತೆ ಎರಡನೆಯದರಲ್ಲಿ ನೇರ ಪಟ್ಟಿಯಾಯಿತು. ಮೂರನೆಯ ಮಾದರಿಯಲ್ಲಿ ಎರಕ ಹೊಯ್ದ ಮಿಶ್ರಲೋಹದ, ಉಂಗುರಗಳಂಥ ಗೆರೆಗಳ ಹಿಡಿ ಬಂದು ಮೂಲದ ಸಮತೋಲ ಕೆಟ್ಟಿತು. ಸಂಗ್ರಾಹಕರು ಇಂದಿಗೂ ಮೊದಲ ಮಾದರಿಯನ್ನೇ ಮೆಚ್ಚುತ್ತಾರೆ.

ಈ ವಿನ್ಯಾಸದ ಗುಣವೇ ಅದರ ದೋಷವೂ ಆಗಿತ್ತು. ಕಾಳಗವೊಂದನ್ನೇ ಗುರಿಯಾಗಿಟ್ಟುಕೊಂಡ ತೆಳು ಮೊನೆ, ಡಬ್ಬಿ ತೆರೆಯಲು, ಪೆಟ್ಟಿಗೆ ಮೀಟಲು ಬಳಸಿದಾಗ ಮುರಿಯುತ್ತಿತ್ತು. ಸೈನಿಕನ ದಿನದ ಬಹುಪಾಲು ಕಳೆಯುವುದು ಸೌದೆ ಸೀಳುವುದರಲ್ಲಿ, ಹಗ್ಗ ಕೊಯ್ಯುವುದರಲ್ಲಿ, ಡೇರೆ ಹಾಕುವುದರಲ್ಲಿ. ಶತ್ರುವಿನೊಡನೆ ಕೈ ಕೈ ಮಿಲಾಯಿಸುವ ಕ್ಷಣ ಅನೇಕರಿಗೆ ಬರುವುದೇ ಇಲ್ಲ. ಅಮೆರಿಕದ ಮರೀನ್ ರೇಡರ್ ಪಡೆಗಾಗಿ ಇದೇ ಕಠಾರಿಯನ್ನು ಅನುಸರಿಸಿ ಮಾಡಿದ ಆಯುಧದಲ್ಲಂತೂ ಸತುವಿನ ಮಿಶ್ರಲೋಹದ ಹಿಡಿಯೇ ಕಾಲಕ್ರಮದಲ್ಲಿ ಶಿಥಿಲವಾಯಿತು.

ಸ್ಮ್ಯಾಚೆಟ್

ಫೇರ್‌ಬೇರ್ನ್ ಯುದ್ಧಕಾಲದಲ್ಲಿಯೇ ರೂಪಿಸಿದ ಇನ್ನೊಂದು ಆಯುಧ ಸ್ಮ್ಯಾಚೆಟ್. ಎಲೆಯಾಕಾರದ ಅಗಲವಾದ, ಭಾರವಾದ ಅಲಗಿನ ಇದಕ್ಕೆ ಮೊದಲ ಮಹಾಯುದ್ಧದಲ್ಲಿ ವೇಲ್ಸ್‌ನ ಸೈನಿಕರು ಕಂದಕಗಳಲ್ಲಿ ಬಳಸಿದ ಕಿರುಗತ್ತಿ ಪ್ರೇರಣೆಯೆನ್ನಲಾಗಿದೆ. ಇರಿಯುವುದಕ್ಕಿಂತ ಕಡಿಯುವುದಕ್ಕೆ ಇದು ಹೆಚ್ಚು ಒಗ್ಗುತ್ತಿತ್ತು. ಆಯುಧವೂ ಉಪಕರಣವೂ ಒಂದೇ ಆಗಬೇಕೆಂಬ ಆಸೆಯನ್ನು ಮುಂದೆ ಬೇರೆಯವರು ಬೇರೆ ದಾರಿಯಲ್ಲಿ ಅರಸಿದರು: ೧೯೬೦ರ ದಶಕದಲ್ಲಿ ಪೀಟರ್ ಲಗಾನಾ ಎಂಬ ಅಮೆರಿಕನ್ ಮಾಜಿ ಸೈನಿಕ, ಅಮೆರಿಕದ ಮೂಲನಿವಾಸಿಗಳ ಟೊಮಹಾಕ್ ಕೊಡಲಿಯನ್ನೇ ವಿಯೆಟ್ನಾಂ ಯುದ್ಧದ ಸೈನಿಕರಿಗಾಗಿ ಮರುರೂಪಿಸಿದ.

ಅಮೆರಿಕ ಮತ್ತು ಕೊನೆಯ ವರ್ಷಗಳು

೧೯೪೨ರಲ್ಲಿ ಸೈಕ್ಸ್‌ನೊಡನೆ ಬರೆದ ಪಿಸ್ತೂಲು ಪ್ರಯೋಗದ ಪುಸ್ತಕವೂ ನಿಕಟ ಕಾಳಗದ ಕೈಪಿಡಿಯೂ ಹೊರಬಂದವು. ಕೈಪಿಡಿಯಲ್ಲಿ ಗಾಯಗಳ ಪರಿಣಾಮದ ಬಗ್ಗೆ ಕೊಟ್ಟ ಕೋಷ್ಟಕವನ್ನು ನಂತರದ ತಜ್ಞರು ಒಪ್ಪಿಲ್ಲ. ಅದೇ ವರ್ಷ ಫೇರ್‌ಬೇರ್ನ್ ಅಟ್ಲಾಂಟಿಕ್ ದಾಟಿ, ಕೆನಡಾದ ಒಂಟಾರಿಯೊ ಸರೋವರದ ದಡದಲ್ಲಿದ್ದ 'ಕ್ಯಾಂಪ್ ಎಕ್ಸ್' ರಹಸ್ಯ ಶಿಬಿರದಲ್ಲಿಯೂ ಅಮೆರಿಕದ ಗೂಢಚರ್ಯೆ ಸಂಸ್ಥೆಯ ಶಿಬಿರಗಳಲ್ಲಿಯೂ ಶಿಕ್ಷಕನಾದ. ಅಲ್ಲಿ ಈತನ ಜೊತೆ ದುಡಿದ ರೆಕ್ಸ್ ಆಪಲ್‌ಗೇಟ್, ಹಳೆಯ ಕಠಾರಿಯ ಕೊರತೆಗಳನ್ನು ತಿದ್ದಿ ಹೆಚ್ಚು ಗಟ್ಟಿಯಾದ ಅಲಗಿನ ಆಪಲ್‌ಗೇಟ್-ಫೇರ್‌ಬೇರ್ನ್ ಚೂರಿಯನ್ನು ಬಹುಕಾಲದ ನಂತರ ಹೊರತಂದ. ಸೈಕ್ಸ್ ಇಂಗ್ಲೆಂಡಿನಲ್ಲಿಯೇ ಉಳಿದು ೧೯೪೫ರಲ್ಲಿ ತೀರಿಕೊಂಡ.

ಯುದ್ಧ ಮುಗಿಯುವ ವೇಳೆಗೆ ಲೆಫ್ಟಿನೆಂಟ್ ಕರ್ನಲ್ ಆಗಿದ್ದ ಫೇರ್‌ಬೇರ್ನ್, ೧೯೫೦ರ ದಶಕದಲ್ಲಿ ಸಿಂಗಪುರ ಮತ್ತು ಸೈಪ್ರಸ್ ಪೊಲೀಸರಿಗೆ ತರಬೇತಿ ನೀಡಿದ. ಎರಡೂ ಆಗ ಬ್ರಿಟಿಷ್ ವಸಾಹತುಗಳು. ೧೯೬೦ರಲ್ಲಿ ಸಸೆಕ್ಸ್‌ನ ವರ್ದಿಂಗ್ ಪಟ್ಟಣದಲ್ಲಿ ನಿಧನನಾದ. ಬ್ರಿಟನ್ನಿನ ರಾಯಲ್ ಮರೀನ್ ಕಮಾಂಡೊಗಳ ತೋಳಪಟ್ಟಿಯ ಮೇಲೆ ಕಠಾರಿಯ ಆಕೃತಿ ಇಂದಿಗೂ ಇದೆ. ಭಾರತೀಯ ಸೇನೆಯ ಪ್ಯಾರಾ ವಿಶೇಷ ಪಡೆಗಳು ಧರಿಸುವ 'ಬಲಿದಾನ' ಲಾಂಛನದಲ್ಲಿಯೂ ರೆಕ್ಕೆಗಳ ನಡುವೆ ಮೊನೆ ಕೆಳಗಾಗಿ ನಿಂತಿರುವುದು ಕಮಾಂಡೊ ಕಠಾರಿಯೇ.