ಕೇಡಗಾಂವದ ಅನಾಥ ಮಕ್ಕಳ ತಾಯಿ ಪಂಡಿತಾ ರಮಾಬಾಯಿ

ಸೊಲ್ಲಾಪುರದಿಂದ ಪುಣೆಗೆ ರೈಲಿನಲ್ಲಿ ಹೋಗುವವರಿಗೆ ದೌಂಡ್ ದಾಟಿದ ಮೇಲೆ ಕೇಡಗಾಂವ್ ಎಂಬ ಸಣ್ಣ ನಿಲ್ದಾಣ ಸಿಗುತ್ತದೆ. ಬರಗಾಲದಲ್ಲಿ ತಂದೆ ತಾಯಿ ಕಳೆದುಕೊಂಡ ನೂರಾರು ಹೆಣ್ಣುಮಕ್ಕಳಿಗೆ ಆಶ್ರಯ ನೀಡಿದ ‘ಮುಕ್ತಿ’ ಸಂಸ್ಥೆ ಇರುವುದು ಇಲ್ಲಿಯೇ. ಅದನ್ನು ಕಟ್ಟಿದ ಪಂಡಿತಾ ರಮಾಬಾಯಿ ಹುಟ್ಟಿದ್ದು ಕನ್ನಡ ನಾಡಿನಲ್ಲಿ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ.

ರಮಾಬಾಯಿ 1858ರ ಏಪ್ರಿಲ್ 23ರಂದು ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಜನಿಸಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ಸಮೀಪದ ಮಾಳದವರು, ಮನೆಮಾತು ಮರಾಠಿ. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ್ದಕ್ಕೆ ಪಂಡಿತರ ವಿರೋಧ ಎದುರಾಗಿ ಶಾಸ್ತ್ರಿಗಳು ಕಾಡು ಸೇರಿದ್ದರು. ಆ ತಾಯಿಯೇ ಮಗಳಿಗೆ ಸಂಸ್ಕೃತ ಕಲಿಸಿದರು. ಮುಂದೆ ಕುಟುಂಬ ಪುರಾಣ ಹೇಳುತ್ತಾ ತೀರ್ಥಕ್ಷೇತ್ರಗಳನ್ನು ಸುತ್ತಿತು. 1870ರ ದಶಕದ ಬರದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ರಮಾಬಾಯಿ ಮತ್ತು ಅಣ್ಣ ಶ್ರೀನಿವಾಸ ಹಸಿದ ಹೊಟ್ಟೆಯಲ್ಲಿ ಊರೂರು ನಡೆದರು.

1878ರಲ್ಲಿ ಕಲ್ಕತ್ತದ ವಿದ್ವಾಂಸರು ರಮಾಬಾಯಿಯವರಿಗೆ ಪಂಡಿತಾ, ಸರಸ್ವತಿ ಎಂಬ ಬಿರುದು ನೀಡಿದರು. 1880ರಲ್ಲಿ ಅಣ್ಣ ತೀರಿಕೊಂಡರು. ಅದೇ ವರ್ಷ ಬಂಗಾಳದ ವಕೀಲ ಬಿಪಿನ್ ಬಿಹಾರಿ ಅವರನ್ನು ಮದುವೆಯಾದರು. 1882ರಲ್ಲಿ ಪತಿಯೂ ಇಲ್ಲವಾದಾಗ ಕೈಯಲ್ಲಿ ಎಳೆಯ ಮಗಳು ಮನೋರಮಾ. ವಿಧವೆಯ ಬಾಳು ಏನೆಂಬುದನ್ನು ಅವರು ಪುಸ್ತಕದಿಂದ ತಿಳಿಯಬೇಕಾಗಿರಲಿಲ್ಲ.

1883ರಲ್ಲಿ ಇಂಗ್ಲೆಂಡಿಗೆ ಹೋಗಿ ಅಲ್ಲಿ ಕ್ರೈಸ್ತ ದೀಕ್ಷೆ ಪಡೆದರು. ನಂತರ ಅಮೆರಿಕದಲ್ಲಿ ಸಂಚರಿಸಿ ಭಾರತದ ಬಾಲವಿಧವೆಯರಿಗಾಗಿ ನೆರವು ಕೂಡಿಸಿದರು. 1889ರಲ್ಲಿ ಮುಂಬಯಿಯಲ್ಲಿ ‘ಶಾರದಾ ಸದನ’ ಆರಂಭಿಸಿ, ಮರುವರ್ಷ ಪುಣೆಗೆ ತಂದರು. ಅಲ್ಲಿ ಧರ್ಮಬೋಧನೆ ಇರುವುದಿಲ್ಲ ಎಂದು ಮಾತು ಕೊಟ್ಟಿದ್ದರು. ಆದರೆ ಅವರ ಪ್ರಾರ್ಥನೆಗೆ ಹುಡುಗಿಯರು ಬಂದು ಕೂರತೊಡಗಿದಾಗ ಗುಲ್ಲೆದ್ದಿತು. 1893ರಲ್ಲಿ ರಾನಡೆ, ಭಾಂಡಾರಕರ್ ಅವರಂಥ ಸುಧಾರಕರೇ ಸಲಹಾ ಸಮಿತಿ ಬಿಟ್ಟರು. ಹಲವು ಪಾಲಕರು ಮಕ್ಕಳನ್ನು ಕರೆದೊಯ್ದರು. ಒಪ್ಪಂದ ಮುರಿಯಿತೆಂಬುದು ಅವರ ದೂರು. ಬಾಗಿಲು ತೆರೆದು ಪ್ರಾರ್ಥಿಸುವುದು ತನ್ನ ಹಕ್ಕೆಂಬುದು ರಮಾಬಾಯಿಯವರ ನಿಲುವು. ಈ ಚರ್ಚೆ ಇಂದಿಗೂ ಮುಗಿದಿಲ್ಲ.

1896ರಲ್ಲಿ ಮಧ್ಯಪ್ರಾಂತದಲ್ಲಿ ಭೀಕರ ಬರ ಬಿತ್ತು. ಎಲುಬು ಕಾಣುವ ಮಕ್ಕಳ ಸುದ್ದಿ ಕೇಳಿ ರಮಾಬಾಯಿಯವರಿಗೆ ತಮ್ಮ ಬಾಲ್ಯ ನೆನಪಾಗಿರಬೇಕು. ತಾವೇ ಹೋಗಿ ಹೆಣ್ಣುಮಕ್ಕಳನ್ನು ಕರೆತಂದರು. ಆಗ ಪುಣೆಯಲ್ಲಿ ಪ್ಲೇಗು. ಅದಕ್ಕಾಗಿ ಮಕ್ಕಳನ್ನು ಕೇಡಗಾಂವದ ತಮ್ಮ ಜಮೀನಿಗೆ ಸಾಗಿಸಿದರು. ಹೀಗೆ ‘ಮುಕ್ತಿ’ ಬೆಳೆಯಿತು. 1900ರ ಗುಜರಾತ್ ಬರದ ಹೊತ್ತಿಗೆ ಅಲ್ಲಿದ್ದವರ ಸಂಖ್ಯೆ 1,500ರಷ್ಟಾಗಿತ್ತು.

ಅಷ್ಟು ಬಾಯಿಗೆ ದಿನವೂ ಅನ್ನ ಹಾಕುವುದು ಸಣ್ಣ ಮಾತಲ್ಲ. ಹೊಲ, ಬಾವಿ, ದನಕರು, ಮಗ್ಗ, ಎಣ್ಣೆಗಾಣ, ಮುದ್ರಣಾಲಯ ಎಲ್ಲವೂ ಅಲ್ಲಿದ್ದವು. ಹುಡುಗಿಯರು ಓದು ಬರಹದ ಜೊತೆ ಕಸುಬು ಕಲಿತರು. ಕುರುಡರಿಗೆ ಬ್ರೈಲ್ ಕಲಿಸಲಾಯಿತು. ಸಮಾಜ ಹೊರಹಾಕಿದ ಹೆಣ್ಣುಮಕ್ಕಳಿಗೆ ‘ಕೃಪಾ ಸದನ’ವಿತ್ತು. 1912ರಲ್ಲಿ ಮನೋರಮಾ ಜೊತೆಗೂಡಿ, ಆಗ ನಿಜಾಮರ ಸೀಮೆಯಲ್ಲಿದ್ದ ಗುಲ್ಬರ್ಗದಲ್ಲೂ ಹೆಣ್ಣುಮಕ್ಕಳ ಶಾಲೆ ತೆರೆದರು.

ಕೊನೆಗಾಲದಲ್ಲಿ ಕಿವಿ ಮಂದವಾದರೂ ಹೀಬ್ರೂ, ಗ್ರೀಕ್ ಮೂಲದಿಂದ ಬೈಬಲನ್ನು ಸರಳ ಮರಾಠಿಗೆ ತಂದರು. 1921ರಲ್ಲಿ ಮಗಳು ತೀರಿಕೊಂಡರು. ಮರುವರ್ಷ, 1922ರ ಏಪ್ರಿಲ್ 5ರಂದು ರಮಾಬಾಯಿ ಕಣ್ಮುಚ್ಚಿದರು. 1989ರಲ್ಲಿ ಅಂಚೆ ಇಲಾಖೆ ಅವರ ಚೀಟಿ ಹೊರತಂದಿತು.

ಅವರ ಮತವನ್ನು ಒಪ್ಪುವುದು, ಬಿಡುವುದು ಓದುಗರಿಗೆ ಸೇರಿದ್ದು. ಆದರೆ ಬರದ ದಾರಿಯಲ್ಲಿ ಅನಾಥಳಾದ ಒಬ್ಬ ಹುಡುಗಿ ಬೆಳೆದು ಅದೇ ದಾರಿಯಲ್ಲಿ ಬಿದ್ದಿದ್ದ ಮಕ್ಕಳನ್ನು ಎತ್ತಿಕೊಂಡಳು ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಮುಂದಿನ ಸಲ ಪುಣೆಯ ಗಾಡಿ ಹತ್ತಿದಾಗ ಕೇಡಗಾಂವ್ ಬಂದರೆ ಕಿಟಕಿಯಿಂದ ಒಮ್ಮೆ ನೋಡಿ.