ಸಭೆಯಲ್ಲಿ ಮಾತನಾಡದ ಸಂಸತ್ ಸೇವಕ: ಅರ್ಸ್ಕಿನ್ ಮೇ

ಬ್ರಿಟನ್ನಿನ ಕಾಮನ್ಸ್ ಸಭೆಯಲ್ಲಿ ಸಭಾಧ್ಯಕ್ಷರ ಪೀಠದ ಮುಂದೆ ಒಂದು ಮೇಜಿದೆ. ಅಲ್ಲಿ ಕುಳಿತುಕೊಳ್ಳುವ ಮುಖ್ಯ ಕ್ಲರ್ಕ್ ಚರ್ಚೆಯಲ್ಲಿ ಭಾಗವಹಿಸುವಂತಿಲ್ಲ, ಮತ ಹಾಕುವಂತಿಲ್ಲ. ಆದರೆ ನಿಯಮದ ಗೊಂದಲ ಎದ್ದಾಗ ಸಭಾಧ್ಯಕ್ಷರು ಕೇಳುವುದು ಅವರನ್ನೇ. ನಮ್ಮ ಲೋಕಸಭೆಯ ಮಹಾಕಾರ್ಯದರ್ಶಿಗಳದ್ದೂ ಇಂತಹದೇ ಹುದ್ದೆ. ಈ ಮೇಜಿನ ಸೇವೆಯಿಂದಲೇ ಜಗತ್ತಿಗೆ ಪರಿಚಿತರಾದವರು ಥಾಮಸ್ ಅರ್ಸ್ಕಿನ್ ಮೇ.

1815ರ ಫೆಬ್ರವರಿ 8ರಂದು ಜನಿಸಿದ ಮೇ, ಬೆಡ್‌ಫರ್ಡ್ ಶಾಲೆಯಲ್ಲಿ ಓದಿ, 1831ರಲ್ಲಿ ತಮ್ಮ 16ನೇ ವಯಸ್ಸಿಗೇ ಕಾಮನ್ಸ್ ಗ್ರಂಥಾಲಯದ ಸಹಾಯಕರಾಗಿ ಸೇರಿದರು. 1834ರ ಅಕ್ಟೋಬರ್ 16ರಂದು ಸಂಸತ್ ಭವನಕ್ಕೆ ಬೆಂಕಿ ಬಿದ್ದು ಕಾಮನ್ಸ್ ಸಭೆಯ ಹಳೆಯ ದಾಖಲೆಗಳಲ್ಲಿ ಬಹುಪಾಲು ಸುಟ್ಟುಹೋದವು. ದಾಖಲೆಗಳ ಬೆಲೆ ಏನೆಂದು ಆ ಯುವಕನಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಸಂಸತ್ತಿನ ನಿಯಮಗಳೆಲ್ಲ ಆಗ ಒಂದೇ ಕಡೆ ಸಿಗುತ್ತಿರಲಿಲ್ಲ. ನಡಾವಳಿ ಪುಸ್ತಕಗಳನ್ನೂ ಹಿಂದಿನ ತೀರ್ಪುಗಳನ್ನೂ ಹುಡುಕಬೇಕು, ಹಿರಿಯರ ನೆನಪನ್ನೂ ನಂಬಬೇಕು. ಮೇ ಇವನ್ನು ಒಟ್ಟುಗೂಡಿಸಿ, 1844ರಲ್ಲಿ, 29ರ ಹರೆಯದಲ್ಲಿ, ಸಂಸತ್ತಿನ ಕಾನೂನು, ಹಕ್ಕುಬಾಧ್ಯತೆ ಮತ್ತು ಕಾರ್ಯವಿಧಾನಗಳ ಬಗ್ಗೆ ಗ್ರಂಥ ಪ್ರಕಟಿಸಿದರು. ಯಾವುದೇ ಸಭೆಯ ನಡಾವಳಿ ಬರೆದು ಅನುಭವವಿರುವ ನಮ್ಮ ಕಾರ್ಯದರ್ಶಿಗಳಿಗೆ ಆ ಶ್ರಮ ಅರ್ಥವಾದೀತು.

1856ರಲ್ಲಿ ಸಹಾಯಕ ಕ್ಲರ್ಕ್, 1871ರಲ್ಲಿ ಮುಖ್ಯ ಕ್ಲರ್ಕ್ ಆದರು. ನಡುವೆ ಇಂಗ್ಲೆಂಡಿನ ಸಾಂವಿಧಾನಿಕ ಇತಿಹಾಸವನ್ನೂ ಬರೆದರು. ನಿಯಮಗಳನ್ನು ಬರೆದಿಟ್ಟು ಸುಮ್ಮನಾದವರಲ್ಲ. ಅವು ಬದಲಾಗಬೇಕೆಂದು 1849ರಲ್ಲೇ ಸಲಹೆಗಳನ್ನು ಪ್ರಕಟಿಸಿದ್ದರು. ಅವರ ಎಷ್ಟೋ ಸಲಹೆಗಳು ವರ್ಷಗಟ್ಟಲೆ ಮೂಲೆಗೆ ಬಿದ್ದಿದ್ದವು.

ದೊಡ್ಡ ಪರೀಕ್ಷೆ ಬಂದದ್ದು 1881ರಲ್ಲಿ. ಐರ್ಲೆಂಡಿನ ದಬ್ಬಾಳಿಕೆ ಮಸೂದೆಯನ್ನು ತಡೆಯಲು ಐರಿಷ್ ಸದಸ್ಯರು ಮಾತು ನಿಲ್ಲಿಸಲಿಲ್ಲ. ಕಲಾಪ 41 ಗಂಟೆ ಎಳೆಯಿತು. ಕೊನೆಗೆ ಸಭಾಧ್ಯಕ್ಷ ಬ್ರ್ಯಾಂಡ್ ತಮ್ಮ ಅಧಿಕಾರದಿಂದಲೇ ಚರ್ಚೆ ಮುಗಿಸಿದರು. ಅವರಿಗೆ ಸಲಹೆಗಾರರಾಗಿದ್ದವರು ಮೇ. ಸಭೆಯ ಕೆಲಸವೇನೋ ಸಾಗಿತು. ಆದರೆ ಅಲ್ಪಸಂಖ್ಯಾತರ ಕೈಯಲ್ಲಿದ್ದ ಒಂದೇ ಅಸ್ತ್ರ ಅಂದು ಮೊಂಡಾಯಿತೆಂಬ ಮಾತನ್ನೂ ತಳ್ಳಿಹಾಕುವಂತಿಲ್ಲ.

ಭಾರತದ ಸಂವಿಧಾನವು ಜಾರಿಗೆ ಬಂದಾಗ, ಶಾಸನಸಭೆಗಳು ತಾವಾಗಿ ಕಾನೂನು ಮಾಡುವವರೆಗೆ ಕಾಮನ್ಸ್ ಸಭೆಯ ಹಕ್ಕುಬಾಧ್ಯತೆಗಳೇ ಅನ್ವಯವೆಂದು ಹೇಳಿತ್ತು. 1978ರ 44ನೇ ತಿದ್ದುಪಡಿಯಲ್ಲಿ ಆ ಹೆಸರು ಹೋಯಿತು. ಹೀಗಾಗಿ ಹಕ್ಕುಚ್ಯುತಿಯ ಪ್ರಶ್ನೆ ಎದ್ದಾಗ ನಮ್ಮಲ್ಲಿಯೂ ಮೇ ಅವರ ಪುಸ್ತಕ ತೆರೆಯುತ್ತಿದ್ದರು. ಅದರ 25ನೇ ಆವೃತ್ತಿ 2019ರಲ್ಲಿ ಹೊರಬಂದಿದೆ.

ಸುಮಾರು 55 ವರ್ಷಗಳ ಸೇವೆಯ ಬಳಿಕ ಮೇ 1886ರಲ್ಲಿ ನಿವೃತ್ತರಾದರು. ಮೇ 10ರಂದು ಅವರಿಗೆ ಫಾರ್ನ್‌ಬರೋ ಪ್ರಭು ಪದವಿ ದೊರೆಯಿತು. ಮೇಲ್ಮನೆಯಲ್ಲಿ ಎದ್ದು ನಿಂತು ಮಾತನಾಡುವ ಹಕ್ಕು ಕೊನೆಗೂ ಬಂದಿತ್ತು. ಮೇ 17ರಂದು ಅವರು ನಿಧನರಾದರು. ಮಕ್ಕಳಿಲ್ಲದ್ದರಿಂದ ಆ ಪದವಿಯೂ ಅಲ್ಲಿಗೇ ಮುಗಿಯಿತು.