ಬೇಸ್‌ಬಾಲ್ ವೀರ ಸ್ಯಾಚೆಲ್ ಪೇಜ್



ನಮ್ಮ ಗೋಡೆಪತ್ರಿಕೆಯಲ್ಲಿ ಕ್ರಿಕೆಟ್ ಆಟಗಾರರ ಬಗ್ಗೆ ಬೇಕಾದಷ್ಟು ಬಂದಿದೆ. ಈ ಸಲ ನಾನು ನಮ್ಮೂರಲ್ಲಿ ಯಾರೂ ಆಡದ ಒಂದು ಆಟದ ಮನುಷ್ಯನ ಕಥೆ ಬರೆದಿದ್ದೇನೆ. ಆಟ ಅಮೆರಿಕದ ಬೇಸ್‌ಬಾಲ್. ಮನುಷ್ಯನ ಹೆಸರು ಸ್ಯಾಚೆಲ್ ಪೇಜ್.

ಮೊದಲು ಆಟ ಸ್ವಲ್ಪ ತಿಳಿಯಬೇಕು. ಬೇಸ್‌ಬಾಲ್‌ನಲ್ಲಿ ಪಿಚರ್ ಅಂದರೆ ನಮ್ಮ ಬೌಲರ್ ಇದ್ದ ಹಾಗೆ. ಆದರೆ ಓಡಿ ಬರುವ ಹಾಗಿಲ್ಲ. ಒಂದು ಸಣ್ಣ ಮಣ್ಣಿನ ದಿಬ್ಬದ ಮೇಲೆ ನಿಂತು ಎಸೆಯಬೇಕು. ಮೊಣಕೈ ಮಡಚಿ ಎಸೆದರೂ ತಪ್ಪಿಲ್ಲ. 60 ಅಡಿ 6 ಅಂಗುಲ ದೂರದಲ್ಲಿ 17 ಅಂಗುಲ ಅಗಲದ ಒಂದು ಫಲಕ ನೆಲದಲ್ಲಿ ಹೂತಿರುತ್ತೆ. ಚೆಂಡು ನೆಲಕ್ಕೆ ತಾಗದೆ ಅದರ ಮೇಲೆ, ದಾಂಡಿಗನ ಮೊಣಕಾಲಿಗೂ ಎದೆಗೂ ನಡುವೆ ಹಾದು ಹೋಗಬೇಕು. ಹೋದರೆ ಸ್ಟ್ರೈಕ್. ಮೂರು ಸ್ಟ್ರೈಕ್ ಆದರೆ ದಾಂಡಿಗ ಔಟ್. ಅಂದರೆ ಬರೀ ವೇಗ ಇದ್ದರೆ ಸಾಲದು, ಗುರಿ ಬೇಕು. ಪೇಜ್ ಅವರ ಗುರಿ ಹೇಗಿತ್ತು ಅಂದರೆ, ಅಭ್ಯಾಸ ಮಾಡುವಾಗ ಆ ಫಲಕದ ಬದಲು ಚೂಯಿಂಗ್ ಗಮ್ ಸುತ್ತಿದ ಕಾಗದ ಇಟ್ಟು ಅದರ ಮೇಲೆ ಎಸೆಯುತ್ತಿದ್ದರಂತೆ!

ಅವರು ಹುಟ್ಟಿದ್ದು 1906ರ ಜುಲೈ 7ರಂದು, ಅಲಬಾಮಾ ರಾಜ್ಯದ ಮೊಬೈಲ್ ಎಂಬ ಬಂದರು ಊರಿನಲ್ಲಿ. ಕಪ್ಪು ಜನರ ಬಡ ಕುಟುಂಬ. ಇಟ್ಟ ಹೆಸರು ಲೀರಾಯ್. ರೈಲ್ವೆ ನಿಲ್ದಾಣದಲ್ಲಿ ಪ್ರಯಾಣಿಕರ ಚೀಲ ಹೊತ್ತು ಕಾಸು ಗಳಿಸುತ್ತಿದ್ದ ಹುಡುಗ. ಒಂದು ಕೋಲಿಗೆ ಹಗ್ಗ ಕಟ್ಟಿ ಒಂದೇ ಸಲಕ್ಕೆ ನಾಲ್ಕಾರು ಚೀಲ ತೂಗಿಸಿಕೊಂಡು ಹೋಗುತ್ತಿದ್ದನಂತೆ. ಸ್ಯಾಚೆಲ್ ಅಂದರೆ ಕೈಚೀಲ. ಹೆಸರು ಹಾಗೆ ಅಂಟಿಕೊಂಡಿತು ಅಂತ ಮುಂದೆ ಅವರೇ ಹೇಳಿಕೊಂಡಿದ್ದಾರೆ. ಅವರ ವಯಸ್ಸಿನ ಬಗ್ಗೆಯೂ ಒಂದು ತಮಾಷೆಯ ಕಥೆ ಇದೆ. ಹುಟ್ಟಿದ ದಿನ ಬರೆದಿಟ್ಟಿದ್ದ ಬೈಬಲ್ಲನ್ನು ಮೇಕೆ ತಿಂದುಬಿಟ್ಟಿತು ಅಂತ ಅವರು ಹೇಳೋರು. ನಮ್ಮಲ್ಲಿ ಎಷ್ಟೋ ಜನರಿಗೆ ಶಾಲೆಗೆ ಸೇರಿಸುವಾಗ ಜೂನ್ 1 ಅಂತ ಬರೆಸಿಬಿಡುತ್ತಾರಲ್ಲ, ಹಂಗೇ ಇದೂ.

ಹನ್ನೆರಡನೇ ವಯಸ್ಸಿನಲ್ಲಿ, 1918ರಲ್ಲಿ, ಅಂಗಡಿಯಿಂದ ಆಟದ ಉಂಗುರ ಕದ್ದು ಸಿಕ್ಕಿಬಿದ್ದ. ಶಾಲೆಗೂ ಸರಿಯಾಗಿ ಹೋಗುತ್ತಿರಲಿಲ್ಲ. ಅವನನ್ನು ಮೌಂಟ್ ಮೇಗ್ಸ್ ಎಂಬ ಊರಿನ ಸುಧಾರಣಾ ಶಾಲೆಗೆ ಕಳಿಸಿದರು. ಅಲ್ಲಿ ಐದೂವರೆ ವರ್ಷ. ಇಷ್ಟು ಸಣ್ಣ ತಪ್ಪಿಗೆ ಅಷ್ಟು ದೊಡ್ಡ ಶಿಕ್ಷೆಯೇ ಅಂತ ನನಗೆ ಓದುವಾಗ ಅನ್ನಿಸಿತು. ಆದರೆ ಅಲ್ಲಿ ಎಡ್ವರ್ಡ್ ಬರ್ಡ್ ಎಂಬ ತರಬೇತುದಾರರು ಸಿಕ್ಕಿದರು. ಎಡಗಾಲನ್ನು ಆಕಾಶಕ್ಕೆ ಎತ್ತಿ, ಉದ್ದನೆಯ ಕೈ ಬೀಸಿ, ಕೊನೇ ಗಳಿಗೆಯವರೆಗೂ ಚೆಂಡು ಬಚ್ಚಿಟ್ಟು ಎಸೆಯುವುದನ್ನು ಕಲಿಸಿದವರು ಅವರೇ. ಪೇಜ್ ಅದನ್ನು ಕೊನೆವರೆಗೂ ಮರೆಯಲಿಲ್ಲ.

1926ರಲ್ಲಿ ಚಟ್ಟನೂಗಾ ಊರಿನ ತಂಡದಲ್ಲಿ ಸಂಬಳಕ್ಕೆ ಆಡಲು ಶುರು ಮಾಡಿದರು. ಮಾರನೇ ವರ್ಷ ಬರ್ಮಿಂಗ್‌ಹ್ಯಾಂ, ಆಮೇಲೆ ಪಿಟ್ಸ್‌ಬರ್ಗ್. ಎಲ್ಲವೂ ಕಪ್ಪು ಜನರ ತಂಡಗಳೇ. ಯಾಕೆಂದರೆ ಆಗ ದೊಡ್ಡ ಲೀಗ್‌ಗಳಲ್ಲಿ ಕಪ್ಪು ಆಟಗಾರರನ್ನು ಸೇರಿಸುತ್ತಿರಲಿಲ್ಲ. ಹಾಗಂತ ಎಲ್ಲೂ ಕಾನೂನು ಬರೆದಿರಲಿಲ್ಲ, ಮಾಲೀಕರೆಲ್ಲ ಒಳಗೊಳಗೇ ಮಾಡಿಕೊಂಡ ಒಪ್ಪಂದ. ಅದಕ್ಕೆ ಕಪ್ಪು ಜನ 1920ರಿಂದ ತಮ್ಮದೇ ನೀಗ್ರೋ ಲೀಗ್‌ಗಳನ್ನು ಕಟ್ಟಿಕೊಂಡಿದ್ದರು. (ಆ ಪದ ಈಗ ಬಳಸಬಾರದು, ಆದರೆ ಲೀಗಿನ ಹೆಸರೇ ಅದು.) ದುಡ್ಡು ಸಾಲದೆ ಊರೂರು ತಿರುಗಿ ಆಡಬೇಕಿತ್ತು. ಪಂದ್ಯ ನೋಡಲು ದುಡ್ಡು ಕೊಟ್ಟು ಬಂದ ಊರಿನವರೇ ರಾತ್ರಿ ಅವರಿಗೆ ಹೋಟೆಲಿನಲ್ಲಿ ಜಾಗ ಕೊಡುತ್ತಿರಲಿಲ್ಲ. ಬಸ್ಸಿನಲ್ಲೇ ನಿದ್ದೆ, ಎಷ್ಟೋ ಸಲ ಬಸ್ಸಿನಲ್ಲೇ ಊಟ.

ಬಿಳಿಯರ ದೊಡ್ಡ ಆಟಗಾರರು ಪೇಜ್ ವಿರುದ್ಧ ಆಡಲೇ ಇಲ್ಲ ಅಂತಲ್ಲ. ಋತು ಮುಗಿದ ಮೇಲೆ ಪ್ರದರ್ಶನ ಪಂದ್ಯಗಳಲ್ಲಿ ಡಿಜ್ಜಿ ಡೀನ್, ಬಾಬ್ ಫೆಲ್ಲರ್ ಇವರೆಲ್ಲ ಎದುರಿಗೆ ಆಡಿ ಇವರನ್ನು ಮೆಚ್ಚಿಕೊಂಡಿದ್ದರು. ಮೆಚ್ಚುವುದಕ್ಕೆ ಅಡ್ಡಿ ಇರಲಿಲ್ಲ, ಜೊತೆಗೆ ಸೇರಿಸಿಕೊಳ್ಳುವುದಕ್ಕೆ ಇತ್ತು.

1938ರಲ್ಲಿ ಮೆಕ್ಸಿಕೋದಲ್ಲಿ ಆಡುವಾಗ ಬಲಗೈ ನೋವು ಬಂದು ಮೇಲೆ ಎತ್ತಲಿಕ್ಕೇ ಆಗದಂತಾಯಿತು. ಮುಗಿಯಿತು ಅಂತ ಎಲ್ಲರೂ ಕೈಬಿಟ್ಟರು. ಕ್ಯಾನ್ಸಸ್ ಸಿಟಿ ಮೊನಾರ್ಕ್ಸ್ ತಂಡದ ಮಾಲೀಕ ವಿಲ್ಕಿನ್ಸನ್ ಮಾತ್ರ ತಮ್ಮ ಎರಡನೇ ತಂಡದಲ್ಲಿ ಜಾಗ ಕೊಟ್ಟರು. ಜನ ಹೆಸರು ಕೇಳಿಯಾದರೂ ಬರುತ್ತಾರೆ ಅನ್ನೋ ಲೆಕ್ಕವೂ ಇತ್ತು. ನಿಧಾನವಾಗಿ ಕೈ ಸರಿಹೋಯಿತು. 1942ರ ನೀಗ್ರೋ ವಿಶ್ವ ಸರಣಿಯಲ್ಲಿ ಮೂರೂ ಬೇಸ್‌ಗಳಲ್ಲಿ ಎದುರಾಳಿಗಳು ನಿಂತಿದ್ದಾಗ ಜೋಶ್ ಗಿಬ್ಸನ್ ಎಂಬ ಭಾರೀ ದಾಂಡಿಗನನ್ನು ಮೂರು ಸ್ಟ್ರೈಕ್‌ಗಳಲ್ಲಿ ಔಟ್ ಮಾಡಿದರು. ಆ ಸರಣಿ ಮೊನಾರ್ಕ್ಸ್ ತಂಡದ್ದಾಯಿತು.

1947ರ ಏಪ್ರಿಲ್‌ನಲ್ಲಿ ಬೇಲಿ ಮುರಿಯಿತು. ಬ್ರೂಕ್ಲಿನ್ ತಂಡ ಜಾಕಿ ರಾಬಿನ್ಸನ್ ಎಂಬ ಕಪ್ಪು ಆಟಗಾರನನ್ನು ಕಣಕ್ಕೆ ಇಳಿಸಿತು. ರಾಬಿನ್ಸನ್‌ಗೆ 28, ಪೇಜ್‌ಗೆ 40 ದಾಟಿತ್ತು. ಇಪ್ಪತ್ತು ವರ್ಷ ಜನರನ್ನು ಮೈದಾನಕ್ಕೆ ಕರೆತಂದವನು ನಾನು, ಮೊದಲ ಕರೆ ನನಗೆ ಬರಬೇಕಿತ್ತು ಅಂತ ಅವರಿಗೆ ಬಹಳ ನೋವಾಯಿತು. ಗಿಬ್ಸನ್‌ಗೆ ಅಷ್ಟೂ ಸಿಗಲಿಲ್ಲ. ಅವರು ಅದೇ ಜನವರಿಯಲ್ಲಿ 35ನೇ ವಯಸ್ಸಿಗೇ ತೀರಿಕೊಂಡಿದ್ದರು.

ಪೇಜ್‌ಗೆ ಕರೆ ಬಂದದ್ದು 1948ರಲ್ಲಿ. ಕ್ಲೀವ್‌ಲ್ಯಾಂಡ್ ತಂಡದ ಮಾಲೀಕ ಬಿಲ್ ವೀಕ್, ಸರಿಯಾಗಿ ಇವರ 42ನೇ ಹುಟ್ಟುಹಬ್ಬದ ದಿನ ಒಪ್ಪಂದ ಮಾಡಿಕೊಂಡರು. ಎಲ್ಲರೂ ನಿವೃತ್ತಿ ಆಗುವ ವಯಸ್ಸಿನಲ್ಲಿ ಇವರು ದೊಡ್ಡ ಲೀಗಿಗೆ ಹೊಸಬ! ಬರೀ ಟಿಕೆಟ್ ಮಾರಲು ಮಾಡಿದ ನಾಟಕ ಅಂತ ಪತ್ರಿಕೆಯವರು ಹಳಿದರು. ಆಗಸ್ಟ್ 20ರ ರಾತ್ರಿ ಕ್ಲೀವ್‌ಲ್ಯಾಂಡ್ ಮೈದಾನಕ್ಕೆ 78,382 ಜನ ಬಂದರು. ಪೇಜ್ ಎದುರಾಳಿಗೆ ಒಂದೂ ರನ್ ಕೊಡದೆ 1–0 ಅಂತರದಲ್ಲಿ ಗೆಲ್ಲಿಸಿದರು. ಆ ವರ್ಷ 6 ಗೆಲುವು, 1 ಸೋಲು. ಅವರದು ಒಂದು ತಡೆದು ಎಸೆಯುವ ಎಸೆತ ಇತ್ತು. ಕಾಲು ನೆಲಕ್ಕೆ ಊರಿದ ಮೇಲೂ ಕೈ ಒಂದು ಕ್ಷಣ ನಿಲ್ಲಿಸಿ ಆಮೇಲೆ ಬಿಡೋರು, ಅಷ್ಟರಲ್ಲಿ ದಾಂಡಿಗ ಗಾಳಿಗೆ ಬೀಸಿರುತ್ತಿದ್ದ. ಲೀಗ್ ಅಧ್ಯಕ್ಷರು ಅದು ಕೂಡದು ಅಂದುಬಿಟ್ಟರು. ಆ ವರ್ಷ ಕ್ಲೀವ್‌ಲ್ಯಾಂಡ್ ವಿಶ್ವ ಸರಣಿ ಗೆದ್ದಿತು. ಮುಂದೆ 1951ರಿಂದ 53ರವರೆಗೆ ಪೇಜ್ ಸೇಂಟ್ ಲೂಯಿಸ್ ಬ್ರೌನ್ಸ್ ತಂಡದಲ್ಲಿದ್ದರು.

1965ರಲ್ಲಿ, 59ನೇ ವಯಸ್ಸಿನಲ್ಲಿ, ಕ್ಯಾನ್ಸಸ್ ಸಿಟಿ ತಂಡದ ಮಾಲೀಕ ಫಿನ್ಲಿ ಒಂದು ಪಂದ್ಯಕ್ಕೆ ಇವರನ್ನು ಕರೆಸಿದರು. ಮೈದಾನದ ಪಕ್ಕ ತೂಗುಕುರ್ಚಿ, ಜೊತೆಗೆ ಒಬ್ಬ ನರ್ಸ್! ನನಗೆ ಇದು ಮರ್ಯಾದೆ ಅನ್ನಿಸಲಿಲ್ಲ. ಆದರೆ ಮುದುಕ ಕುರ್ಚಿಯಿಂದ ಎದ್ದು ಬಾಸ್ಟನ್ ತಂಡದ ವಿರುದ್ಧ ಮೂರು ಇನಿಂಗ್ಸ್ ಎಸೆದು ಬಿಟ್ಟುಕೊಟ್ಟದ್ದು ಒಂದೇ ಒಂದು ಹೊಡೆತ, ರನ್ ಸೊನ್ನೆ.

ಈಗ ತರಬೇತುದಾರರಾದ ಕಥೆ. ದೊಡ್ಡ ಲೀಗಿನಲ್ಲಿ ಪಿಂಚಣಿ ಸಿಗಬೇಕಾದರೆ ಆಗ ಐದು ವರ್ಷದ ಸೇವೆ ಬೇಕಿತ್ತು. ನಾಲ್ಕು ದಶಕ ಚೆಂಡು ಎಸೆದ ಮನುಷ್ಯನಿಗೆ ಲೆಕ್ಕದಲ್ಲಿ 158 ದಿನ ಕಡಿಮೆ ಬಿತ್ತು. ಯಾಕೆ ಕಡಿಮೆ ಅಂತ ಎಲ್ಲರಿಗೂ ಗೊತ್ತು. ಬೇಲಿ ಇದ್ದ ಇಪ್ಪತ್ತು ವರ್ಷ ಲೆಕ್ಕಕ್ಕೇ ಇಲ್ಲ. ಬೇರೆ ತಂಡಗಳು ಒಲ್ಲೆವೆಂದವು. 1968ರ ಆಗಸ್ಟ್‌ನಲ್ಲಿ ಅಟ್ಲಾಂಟಾ ಬ್ರೇವ್ಸ್ ತಂಡದ ಬಿಲ್ ಬಾರ್ಥೊಲೊಮೆ ಇವರನ್ನು ಸೇರಿಸಿಕೊಂಡರು. ಮೈಮೇಲೆ ತಂಡದ ಸಮವಸ್ತ್ರ, ಕೆಲಸ ಪಿಚರ್‌ಗಳಿಗೆ ಹೇಳಿಕೊಡುವುದು. ಲೆಕ್ಕಕ್ಕೆ ಸೇರುವ ಯಾವ ಪಂದ್ಯದಲ್ಲೂ ಅಲ್ಲಿ ಅವರು ಚೆಂಡು ಎಸೆಯಲಿಲ್ಲ. ಅದೇ ತಂಡದಲ್ಲಿ ಹ್ಯಾಂಕ್ ಆರನ್ ಎಂಬ ಪ್ರಸಿದ್ಧ ದಾಂಡಿಗ ಇದ್ದರು. ಅವರೂ ಮೊಬೈಲ್ ಊರಿನವರೇ, ಪೇಜ್‌ಗಿಂತ 27 ವರ್ಷ ಚಿಕ್ಕವರು. 1969ರಲ್ಲೂ ತರಬೇತುದಾರರಾಗಿ ಮುಂದುವರಿದು ಪೇಜ್ ದಿನಗಳನ್ನು ತುಂಬಿಸಿದರು, ಪಿಂಚಣಿಯೂ ಸಿಕ್ಕಿತು. ಕೆಲವರು ಇದನ್ನು ದಯೆ ಅಂತಾರೆ. ನಾನು ಬಾಕಿ ಸಂದಾಯ ಅಂತೀನಿ, ಅದೂ ಪೂರ್ತಿ ಅಲ್ಲ.

1971ರಲ್ಲಿ ಕೂಪರ್ಸ್‌ಟೌನ್ ಊರಿನ ಬೇಸ್‌ಬಾಲ್ ಕೀರ್ತಿಭವನಕ್ಕೆ ಇವರನ್ನು ಆರಿಸಿದರು. ಮೊದಲು ಇವರ ಫಲಕವನ್ನು ಬೇರೆ ಕಡೆ ಹಾಕುತ್ತೇವೆ ಅಂದರು. ಅಲ್ಲೂ ಬೇರೆ ಪಂಕ್ತಿ! ಪತ್ರಿಕೆಗಳು, ಜನ ಸುಮ್ಮನಿರಲಿಲ್ಲ. ಕೊನೆಗೆ ಆಗಸ್ಟ್‌ನಲ್ಲಿ ಎಲ್ಲರ ಸಾಲಿನಲ್ಲೇ ಹಾಕಿದರು.

ಕ್ಯಾನ್ಸಸ್ ಸಿಟಿಯಲ್ಲಿ ಒಂದು ಮೈದಾನಕ್ಕೆ ಅವರ ಹೆಸರಿಟ್ಟಾಗ ಗಾಲಿಕುರ್ಚಿಯಲ್ಲಿ ಹೋಗಿ ಬಂದರು. ಮೂರು ದಿನ ಕಳೆದು, 1982ರ ಜೂನ್ 8ರಂದು, ತೀರಿಕೊಂಡರು. ಆಗ ದಾಖಲೆ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ 28 ಗೆಲುವು, 31 ಸೋಲು ಎಂದಷ್ಟೇ ಇತ್ತು. 2020ರಲ್ಲಿ ನೀಗ್ರೋ ಲೀಗ್‌ಗಳೂ ದೊಡ್ಡ ಲೀಗ್‌ಗಳೇ ಎಂದು ಒಪ್ಪಿಕೊಂಡರು, 2024ರಲ್ಲಿ ಆ ಅಂಕಿಗಳನ್ನು ದಾಖಲೆಗೆ ಸೇರಿಸಿದರು. ಅದರ ಪ್ರಕಾರ ಸ್ಯಾಚೆಲ್ ಪೇಜ್ ದೊಡ್ಡ ಲೀಗಿಗೆ ಬಂದ ವರ್ಷ 1948 ಅಲ್ಲ, 1927.